ವಿಭೂತಿಯಲ್ಲಿ ಮಿಂದ ಚಿನ್ನದ ನಾಣ್ಯ

ನನ್ನ ನೆನಪಿನ ಮೇಲೆ ನನಗೀಗ ಅಷ್ಟು ನಂಬಿಕೆಯಿಲ್ಲ. ಅದು ತೀರಾ ಸ್ವಚ್ಛವಾಗಿದೆ. ಸ್ವಚ್ಛವಾದದ್ದನ್ನು ಅನುಮಾನಿಸಬೇಕೆಂದು ಕಲಿಸಿದ್ದು ಒಂದು ಚಿನ್ನದ ನಾಣ್ಯ.

ಬಹಳ ಹಿಂದೆ ಆಸ್ಟಿನ್‌ನ ಅಂಗಡಿಯೊಂದರಲ್ಲಿ ಅದನ್ನು ಕೊಂಡಿದ್ದೆ. ಐದು ಡಾಲರಿನದು, ಈ ದೇಶ ಇನ್ನೂ ಎಳೆಗೂಸಾಗಿದ್ದಾಗ ಟಂಕಿಸಿದ್ದು. ಒಂದು ಬದಿಗೆ ಟೋಪಿ ತೊಟ್ಟ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಗೆ ಹದ್ದು. ವಿಜಯನಗರದವರು ತಮ್ಮ ವರಾಹ ನಾಣ್ಯದ ಮೇಲೆ ಶಿವಪಾರ್ವತಿಯರನ್ನು ಕೂರಿಸಿದರು. ಈ ದೇಶದವರು ಸ್ವಾತಂತ್ರ್ಯವೆಂಬ ಒಂದು ವಿಚಾರಕ್ಕೇ ಕಣ್ಣು ಮೂಗು ಬಿಡಿಸಿದರು. ನಮ್ಮ ಮನೆಯಲ್ಲಿ ಮಾತ್ರ ಆಕೆ ಬಂದ ವರ್ಷವೇ ಲಕ್ಷ್ಮಿಯಾಗಿ, ವರಮಹಾಲಕ್ಷ್ಮಿ ಕಲಶದ ಮುಂದೆ ಕೂತಳು.

ನಿವೃತ್ತನಾದ ಮೇಲೆ ಅದನ್ನು ಮಾರಿ ಜಪಾನ್ ನೋಡಿ ಬರೋಣವೆಂದು ನಾನೂ ಹೆಂಡತಿ ಪದ್ಮಾಳೂ ಡಲ್ಲಾಸ್ ಬಳಿಯ ನಮ್ಮೂರು ಸೌತ್‌ಲೇಕ್‌ನಿಂದ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆವು. ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಇದನ್ನು ಯಾರೋ ಉಜ್ಜಿದ್ದಾರೆ" ಎಂದ. ಸಂಗ್ರಾಹಕರಿಗೆ ಬೇಕಾದದ್ದು ಇನ್ನೂರು ವರ್ಷ ತಾನಾಗಿ ಕೂತ ಮಬ್ಬಂತೆ. ಉಜ್ಜಿದ ಗೀರು ಕಂಡರೆ ಬೆಲೆ ಅರ್ಧಕ್ಕೂ ಕಡಿಮೆಯಂತೆ. ಕೊಳೆಗೆ ದುಡ್ಡು ಕೊಡುವ ಜನರೂ ಇದ್ದಾರೆಂದು ನಮಗೆ ಹೇಗೆ ಗೊತ್ತಿರಬೇಕು? ಹಬ್ಬದ ಹಿಂದಿನ ದಿನ ಬೆಳ್ಳಿ ದೀಪಗಳಿಗೆ ವಿಭೂತಿ ಹಾಕಿ ತಿಕ್ಕುವಾಗ ಅದೂ ಆ ಸಾಲಿಗೆ ಸೇರಿಹೋಗಿತ್ತು.

ಹ್ಯೂಸ್ಟನ್ನಿನಲ್ಲಿ ನಮ್ಮವರ ಅಂಗಡಿ, ಹೋಟೆಲುಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ದೋಸೆಗೆ ಕಾಯುತ್ತ, "ನೀನೇ ತಾನೆ ತಿಕ್ಕಿದ್ದು?" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ತಿಕ್ಕುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು, ಬಳೆ ಸದ್ದಿನ ಸಮೇತ.

"ರೀ, ನಾನು ಮುಟ್ಟೇ ಇಲ್ಲ. ದಿನಾ ಡೈರಿ ಬರೀತೀರಲ್ಲ, ತೆಗೆದು ನೋಡಿ. ನಾನಾಗಿದ್ರೆ ಜಪಾನ್ ಮಾತೇ ಎತ್ತಲ್ಲ. ನೀವಾಗಿದ್ರೆ?"

"ನಾನಾಗಿದ್ರೆ ನನ್ನ ಪೆನ್ಶನ್‌ನಲ್ಲೇ ಕರ್ಕೊಂಡು ಹೋಗ್ತೀನಿ!"

ವಾಪಸು ಬರುವ ನಾಲ್ಕು ಗಂಟೆ, ಡಲ್ಲಾಸ್‌ನ ದೀಪಗಳು ಕಾಣುವವರೆಗೂ, ಅವಳು ಜಪಾನ್ ಮಾತೇ ಎತ್ತಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಮನೆಗೆ ಬಂದವಳೇ ಹಳೆಯ ಡೈರಿ ಹುಡುಕಿ ಗಟ್ಟಿಯಾಗಿ ಓದಿದಳು: "ಇಂದು ನಾಣ್ಯಕ್ಕೆ ವಿಭೂತಿ ಹಾಕಿ ನಾನೇ ತಿಕ್ಕಿದೆ. ಪದ್ಮಾ ಬೇಡವೆಂದಳು. ಲಕ್ಷ್ಮಿ ಫಳಫಳ!" ಅಕ್ಷರ ನನ್ನದೇ. ಆ 'ಫಳಫಳ'ವನ್ನು ಅವಳು ಮೂರು ಸಲ ಓದಿದಳು.

ಹಾಗಾದರೆ ಬಳೆಯ ಸದ್ದು ಎಲ್ಲಿಂದ ಬಂತು? ನಾಣ್ಯದ ಜೊತೆಗೆ ಆ ದಿನದ ನೆನಪನ್ನೂ ವರ್ಷಗಟ್ಟಲೆ ತಿಕ್ಕಿದ್ದೆನೆಂದು ತೋರುತ್ತದೆ. ಅದರಿಂದ ನನ್ನ ಕೈಗುರುತು ಮಾತ್ರ ಪೂರ್ತಿ ಅಳಿಸಿಹೋಗಿತ್ತು.

ಜಪಾನಿಗೆ ಹೋಗಿ ಬಂದೆವು. ಚೆರ್ರಿ ಹೂವಿನ ಕೆಳಗೆ, ಪಂದ್ಯ ಗೆದ್ದ ಮುಖದಲ್ಲಿ ಪದ್ಮಾ ನಗುತ್ತಿರುವ ಫೋಟೋ ಫ್ರಿಜ್ಜಿನ ಮೇಲಿದೆ. ಮೊನ್ನೆ ಹಬ್ಬದ ಹಿಂದಿನ ದಿನ ಅವಳು ನಾಣ್ಯವನ್ನೂ ವಿಭೂತಿಯ ಬಟ್ಟಲನ್ನೂ ನನ್ನ ಮುಂದಿಟ್ಟಳು. "ಬೆಲೆ ಹೇಗೂ ಹೋಯ್ತು. ಇನ್ನು ಧೈರ್ಯವಾಗಿ ಉಜ್ಜಿ."

ಉಜ್ಜಿದೆ. ಬೆಲೆಬಾಳುತ್ತಿದ್ದಾಗ ಅದನ್ನು ಇಷ್ಟು ಖುಷಿಯಿಂದ ಕೈಯಲ್ಲಿ ಹಿಡಿದ ನೆನಪಿಲ್ಲ. ನೆನಪನ್ನು ನಂಬುವಂತಿಲ್ಲವಲ್ಲ, ಕೈ ತೊಳೆಯುವ ಮೊದಲೇ ಡೈರಿ ತೆಗೆದು ಬರೆದೆ: ತಿಕ್ಕಿದ್ದು ನಾನೇ.