ಏನೂ ಒಣಗದ ಊರಿನಲ್ಲಿ ನೀಲಾಳ ದನಿ

ಜೋರ್ಹಾಟದಲ್ಲಿ ಚಳಿಗಾಲದ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಅಸ್ಸಾಮಿಗೆ ಬಂದ ನಾಲ್ಕನೆಯ ದಿನ ಶಾಲೆ ಮುಗಿಸಿ ಪೇಟೆಗೆ ಹೊರಟವಳು ನಡುರಸ್ತೆಯಲ್ಲಿ ನಿಂತು ಎರಡೆರಡು ಸಲ ಮೊಬೈಲಿನಲ್ಲಿ ಗಂಟೆ ನೋಡಿದೆ. ಅದೇ ಗಳಿಗೆಯಲ್ಲಿ ನಮ್ಮ ತಿಕೋಟಾದಲ್ಲಿ ಬಿಸಿಲು ಇನ್ನೂ ಬೆನ್ನು ಕಾಯಿಸುತ್ತಿರುತ್ತದೆ. ಹೆದರಿಕೆಗೆ, ಬೆಳಕು ಕಂಡ ಮೊದಲ ಅಂಗಡಿಗೆ ನುಗ್ಗಿದೆ. ಗೋಡಂಬಿ, ಖರ್ಜೂರ, ಒಣದ್ರಾಕ್ಷಿ ಮಾರುವ ಅಂಗಡಿ. ತಕ್ಕಡಿಯ ಪಕ್ಕ ಒರಗಿಸಿಟ್ಟ ಮೊಬೈಲಿನಲ್ಲಿ ನೀಲಾ ಹಾಡುತ್ತಿದ್ದಳು.

"ಹಸಿಹಣ್ಣ ಬಂದಾಕಿ ಒಣಹಣ್ಣ ಆದೆನ, ನೀರಾರಿ ಸಿಹಿ ಬಂತ ತಂಗೆವ್ವ."

ಅಂಗಡಿಯವನಿಗೆ ಒಂದಕ್ಷರ ಕನ್ನಡ ಬಾರದು. 'ಸಿಹಿ' ಅನ್ನುವಲ್ಲಿ ದನಿ ಸೀಳಿ ಎರಡಾಗುತ್ತದಲ್ಲ, ಅದನ್ನು ಕೇಳಲಿಕ್ಕೇ ದಿನಕ್ಕೆ ಹತ್ತು ಸಲ ಹಚ್ಚುತ್ತೇನೆ ಎಂದು ಹಿಂದಿಯಲ್ಲಿ ಹೇಳಿದ. ಇವಳ ಎದುರಿಗೆ ಕೂತು ಒಣದ್ರಾಕ್ಷಿ ಆರಿಸಿದವಳು ನಾನು ಎಂದೆ. ಹೆಸರು ಮಾಡಿದವರಿಗೆ ಎಲ್ಲರೂ ನೆಂಟರೇ ಎಂದು ನಕ್ಕ. ನಾನು ವಾದಕ್ಕೆ ಇಳಿಯಲಿಲ್ಲ. ಇಳಿದಿದ್ದರೆ ಆ ಸೀಳು ಎಲ್ಲಿಂದ ಬಂತೆಂದೂ ಹೇಳಬೇಕಾಗುತ್ತಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ತಿಕೋಟಾದಿಂದ ವಿಜಯಪುರದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎಸ್ಸಿ. ಮಾಡಿದ್ದೇನೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೂಟಿಯಲ್ಲಿ ಅವ್ವನ ಜೊತೆ ಒಣದ್ರಾಕ್ಷಿ ಶೆಡ್ಡಿಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಕಡ್ಡಿ ಒಂದು ಕಡೆ, ಕಪ್ಪು ಹಣ್ಣು ಒಂದು ಕಡೆ, ಹೊಂಬಣ್ಣದ್ದು ಬುಟ್ಟಿಗೆ. ನನ್ನ ಎದುರಿನ ಚೀಲದ ಮೇಲೆ ನೀಲಾ ಕೂರುತ್ತಿದ್ದಳು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಪೆನ್ನು ಹಿಡಿಯುವುದೆಂದರೆ ಅವಳಿಗೆ ಚೇಳು ಹಿಡಿದಂತೆ. ಆದರೆ ಕೈ ಆಡುತ್ತಿದ್ದಂತೆ ಬಾಯಲ್ಲಿ ಪದ ಕಟ್ಟುತ್ತಿದ್ದಳು. ಅವಳು ಬಾರದ ದಿನ ಮುಕಾದಮನೇ, ಅಂದರೆ ನಮ್ಮ ಮೇಸ್ತ್ರಿಯೇ, ಇವತ್ತ ಕೆಲಸ ಕುಂಟತದ ಎಂದು ಗೊಣಗುತ್ತಿದ್ದ.

ನಾನು ಮೊಬೈಲು ಕೊಂಡ ವರ್ಷ ಅವಳ ಹಾಡನ್ನು ಜಗತ್ತಿಗೆ ಕೇಳಿಸಬೇಕೆಂದು ಹಟ ಹಿಡಿದೆ. ಶೆಡ್ಡಿನಲ್ಲಿ ಗಾಳಿಯ ಸದ್ದು, ನೆರಳಿಗೆ ಕಟ್ಟಿದ ಬಲೆಗಳ ಪಟಪಟ. ಆಗ ನನಗೆ ಗಂಧಕದ ಕೋಣೆ ನೆನಪಾಯಿತು. ಹಣ್ಣಿಗೆ ಹೊಂಬಣ್ಣ ಬರಲೆಂದು ಗಂಧಕ ಸುಟ್ಟು ಹೊಗೆ ಹಾಕುವ ಕೋಣೆ ಅದು. ಕಿಟಕಿಯಿಲ್ಲ, ಬಾಗಿಲ ಸಂದಿಗೆಲ್ಲ ಗೋಣಿ ತುರುಕಿರುತ್ತಾರೆ. ಬೆಳಿಗ್ಗೆ ಮಾಲು ತೆಗೆದಿದ್ದರು, ಕೋಣೆ ಖಾಲಿ ಇತ್ತು. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡೆವು.

"ಕಣ್ಣ ಉರ್ಯಾಕತ್ತಾವ ಬೇ," ಅಂದಳು ನೀಲಾ.

"ಎರಡ ನಿಮಿಷ ತಡಕೋ. ಇಲ್ಲಿ ದನಿ ಎಷ್ಟ ಚಂದ ತಿರಗತದ ನೋಡ," ಅಂದೆ ನಾನು.

ಹಾಡಿದಳು. 'ಸಿಹಿ' ಅನ್ನುವಲ್ಲಿ ಗಂಟಲು ಸೀಳಿತು. ಆ ಸಾಲು ಮುಗಿಯುತ್ತಿದ್ದಂತೆ ತಡೆಯಲಾಗದೆ ನಾನೂ ಒಮ್ಮೆ ಕೆಮ್ಮಿದೆ. ಅದನ್ನು ಕತ್ತರಿಸುವುದು ಹೇಗೆಂದು ಗೊತ್ತಿರಲಿಲ್ಲ, ಹಾಗೇ ಇಂಟರ್ನೆಟ್ಟಿಗೆ ಹಾಕಿಬಿಟ್ಟೆ.

ಮುಂದಿನದು ನಿಮಗೂ ಗೊತ್ತು, ನೀವೂ ಕೇಳಿದ್ದೀರಿ. ಮಂದಿಗೆ ಬೇಕಾದದ್ದು ಆ ಸೀಳು. ಹೊರಗೆ ಹಾಡಿದರೆ ಅದು ಬರುತ್ತಿರಲಿಲ್ಲ. ಹಾಗಾಗಿ ಎರಡು ಹಂಗಾಮು, ಪ್ರತಿ ಹಾಡಿಗೂ, ನಾನೇ ಅವಳನ್ನು ಕೈಹಿಡಿದು ಆ ಕೋಣೆಗೆ ಕರೆದೊಯ್ದೆ. ದೊಡ್ಡ ದೊಡ್ಡ ಗವಾಯಿಗೋಳ ಜೇನತುಪ್ಪ ನೆಕ್ಕಿ ಹಾಡ್ತಾರಂತ, ನಂದು ಗಂಧಕ ಎಂದು ನಗುತ್ತಿದ್ದಳು. ಅದೇ ವರ್ಷ ನಾನು ಪರೀಕ್ಷೆಯಲ್ಲಿ, ಗಂಧಕದ ಹೊಗೆ ತೇವ ಸೇರಿದರೆ ಆಮ್ಲವಾಗುತ್ತದೆ ಎಂದು ಸಮೀಕರಣ ಸಮೇತ ಬರೆದಿದ್ದೆ. ಆ ಪ್ರಶ್ನೆಗೆ ಪೂರ್ತಿ ಅಂಕ ಬಂತು. ಗಂಟಲೂ ತೇವದ ಜಾಗವೇ ಎಂದು ನನಗೆ ಹೊಳೆಯಲಿಲ್ಲ.

ಬಬಲೇಶ್ವರದಲ್ಲಿ ಅವಳ ಮೊದಲ ಕಾರ್ಯಕ್ರಮ ನಡೆದಾಗ ನಾನು ಜಮಖಾನೆಯ ಮೊದಲ ಸಾಲಿನಲ್ಲಿ ಅವಳ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಮರುವರ್ಷ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಹಾಡಿದಾಗ ಬಿದಿರಿನ ಬೇಲಿಯ ಈಚೆ ನಿಂತೆ. ಹಿಂದೆ ಹಿಂದೆ ಸರಿದಷ್ಟೂ ನನ್ನ ಹೆಮ್ಮೆ ಬೆಳೆಯಿತು. ಅವಳಿಗೆ ಹೆಸರು ಬಂತು, ನನಗೆ ಬಿ.ಎಡ್. ಆಗಿ ಕೇಂದ್ರ ಸರಕಾರದ ಶಾಲೆಯಲ್ಲಿ ನೌಕರಿ ಬಂತು. ನೇಮಕದ ಕಾಗದದಲ್ಲಿ ಜೋರ್ಹಾಟ ಎಂದಿತ್ತು. ಅಪ್ಪ ನಕಾಶೆಯಲ್ಲಿ ಬೆರಳಿಟ್ಟು ಹುಡುಕಿ, ಇದು ನಮ್ಮ ದೇಶದಾಗ ಅದ ಹೌದಿಲ್ಲೋ ಎಂದು ಕೇಳಿದರು.

ಇಲ್ಲಿ ಏನೂ ಒಣಗುವುದಿಲ್ಲ. ಅಲ್ಲಿ ನೆರಳಿನಲ್ಲಿ ತೂಗುಬಿಟ್ಟ ದ್ರಾಕ್ಷಿ ಹದಿನೈದು ದಿನಕ್ಕೆ ಒಣಗುತ್ತದೆ; ಇಲ್ಲಿ ಮಳೆ ಹಿಡಿದರೆ ಸೀರೆ ಮೂರು ದಿನ ಹಗ್ಗದ ಮೇಲೆ ತಣ್ಣಗಿರುತ್ತದೆ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಎರಡನೆಯ ದಿನಕ್ಕೆ ಒದ್ದೆ ಚರ್ಮದಂತಾಯಿತು. ನಾನಿರುವುದು ತಗಡಿನ ಮಾಡು, ಬಿದಿರು ಹೆಣೆದು ಗಿಲಾವು ಮಾಡಿದ ಗೋಡೆಗಳ ಬಾಡಿಗೆ ಮನೆಯಲ್ಲಿ. ಗೋಡೆಯ ಆಚೆ ಮನೆಯೊಡತಿ ರೇಣು. ಇಲ್ಲಿ ಅಕ್ಕನಿಗೆ 'ಬಾಯ್ದೇವ್' ಅನ್ನುತ್ತಾರೆ, ಟೀಚರಿಗೂ ಅದೇ. ನನಗಿಂತ ಇಪ್ಪತ್ತು ವರ್ಷ ಹಿರಿಯಳಾದ ರೇಣು ನನ್ನನ್ನು ಬಾಯ್ದೇವ್ ಎಂದಾಗ ಮೊದಮೊದಲು ಹಿಂದೆ ತಿರುಗಿ ನೋಡುತ್ತಿದ್ದೆ. 'ಟೆಂಗಾ' ಅಂದರೆ ತೆಂಗಲ್ಲ, ಹುಳಿ ಸಾರು; ಬಹಳ ಸಲ ಅದರಲ್ಲಿ ಮೀನು ಇರುತ್ತದೆ. ಮೀನು ತಿನ್ನದ ನನ್ನನ್ನು ರೇಣು ಕಾಯಿಲೆಯವಳೆಂದು ತಿಳಿದು ಒಂದು ತಿಂಗಳು ಗಂಜಿ ಕೊಟ್ಟಳು. ಜೋಳದ ಹಿಟ್ಟನ್ನು ಒಲೆಯ ಮೇಲಿನ ಹಲಗೆಯಲ್ಲಿಟ್ಟು ಬೂಸು ಹಿಡಿಯದಂತೆ ಉಳಿಸಿ, ಅವಳಿಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿನ್ನಿಸಿದ ದಿನ ಮಾತ್ರ ನಾನು ಗೆದ್ದೆ.

ನೀಲಾ ರವಿವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಆಮೇಲೆ ಫೋನು ನಿಂತು ಧ್ವನಿಸಂದೇಶಗಳು ಬರತೊಡಗಿದವು. ಅವೂ ಗಿಡ್ಡವಾದವು. ಒಂದು ದಿನ ಅಕ್ಷರದಲ್ಲಿ ಬರೆದ ಸಂದೇಶ ಬಂತು: "ಆರಾಮ ಅದೀಯೇನ?" ಹೆಸರು ಮಾಡಿದವಳು, ಯಾರೋ ಸಹಾಯಕರು ಬರೆಯುತ್ತಿರಬೇಕು ಎಂದುಕೊಂಡು ಸ್ವಲ್ಪ ಸಿಟ್ಟೂ ಮಾಡಿಕೊಂಡೆ. ಪೆನ್ನು ಹಿಡಿಯಲು ಹೆದರುವವಳು ಯಾಕೆ ಬರೆಯುತ್ತಾಳೆ ಎಂದು ಕೇಳಿಕೊಳ್ಳಲಿಲ್ಲ.

ಬೇಸಿಗೆ ಸೂಟಿಗೆ ಊರಿಗೆ ಹೋದೆ. ವಿಜಯಪುರದಲ್ಲಿ ಅವಳ ದೊಡ್ಡ ಕಾರ್ಯಕ್ರಮವಿತ್ತು. ಬೇಲಿಯಿಂದ ಬಹಳ ಹಿಂದೆ ನಿಂತೆ. ನೀಲಾ ಜರತಾರಿ ಸೀರೆಯಲ್ಲಿ ಬಂದು ಕೈಮುಗಿದಳು, ಮಾತಾಡಲಿಲ್ಲ. ಹಾಡು ಶುರುವಾಯಿತು. 'ಸಿಹಿ' ಬಂತು, ದನಿ ಸೀಳಿತು, ನನ್ನ ಪಕ್ಕದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಲಿನ ಕೊನೆಗೆ ಒಂದು ಕೆಮ್ಮು.

ಅದು ನನ್ನ ಕೆಮ್ಮು. ಸಾವಿರಾರು ಮಂದಿಯ ತಲೆಯ ಮೇಲೆ, ಲಾರಿಯಷ್ಟು ಎತ್ತರದ ಸ್ಪೀಕರುಗಳಿಂದ ಬಂತು. ವೇದಿಕೆಯ ಮೇಲೆ ನೀಲಾ ಬರೀ ತುಟಿ ಆಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಅಲ್ಲೇ ಇಬ್ರಾಹಿಂಪುರದಲ್ಲಿ ಅವಳು ಕಟ್ಟಿಸಿದ ಮನೆಗೆ ಹೋದೆ. ಅವಳ ಅವ್ವ ಬಾಗಿಲು ತೆಗೆದಳು. ನೀಲಾ ಹೊಸ್ತಿಲ ಒಳಗೆ ಒಂದು ನೋಟುಪುಸ್ತಕ ಹಿಡಿದು ನಿಂತಿದ್ದಳು. ಗಂಟಲ ಪದರ ಗಾಯವಾಗಿ ಗಟ್ಟಿಯಾಗಿದೆಯಂತೆ; ಹೊಗೆಯಿಂದ ಎಷ್ಟು, ಆಮೇಲೆ ಅದೇ ಸೀಳು ತರಿಸಲು ಒತ್ತಿ ಒತ್ತಿ ಹಾಡಿದ್ದರಿಂದ ಎಷ್ಟು ಎಂದು ಡಾಕ್ಟರು ಬೇರೆ ಮಾಡಿ ಹೇಳಿಲ್ಲ. ಪಿಸುಮಾತೂ ಕೂಡದು ಎಂದಿದ್ದಾರೆ. ಇನ್ನು ಹಾಡುವ ದನಿ ಮರಳುವುದಿಲ್ಲ ಎಂದೂ ಹೇಳಿದ್ದಾರೆ. ಇದನ್ನೆಲ್ಲ ಅವಳ ಅವ್ವನೇ ಹೇಳಿದಳು. ಮನೆಯ ಹಿಂದೆ ರೈಲು ಹೋಗುವಾಗ ಮಾತು ನಿಲ್ಲಿಸುತ್ತಿದ್ದಳು, ಹೋದ ಮೇಲೆ ಮತ್ತೆ ಅಲ್ಲಿಂದಲೇ ಹಿಡಿಯುತ್ತಿದ್ದಳು.

ಆಗ ನೀಲಾ ಪುಸ್ತಕ ಬಿಟ್ಟು, ಬಾರದ ದನಿಯಲ್ಲಿ ಕೇಳಿದಳು.

"ನೀ ಕಲ್ತಾಕಿ. ನಿನಗ ಗೊತ್ತಿದ್ದಿಲ್ಲೇನ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿತ್ತ ನೀಲಾ. ಪುಸ್ತಕದಾಗ ಗೊತ್ತಿತ್ತ."

ಅವಳ ಅವ್ವ ನನ್ನ ಮುಖ ನೋಡದೆ ಹೇಳಿದಳು: "ನಮಗ ತಿಳಿಯೂದಿಲ್ಲಂತನ ಕಲ್ತಾರ್ ಸಂಗಾಟ ಕಳಸತೇವಿ ತಂಗಿ."

ನೀಲಾ ಕೈಯೆತ್ತಿ ಅವ್ವನನ್ನು ಸುಮ್ಮನಾಗಿಸಿದಳು. ಪುಸ್ತಕ ತೆಗೆದು ಬಹಳ ಹೊತ್ತು ಬರೆದಳು. ಕ್ಷಮೆಯೋ ಶಾಪವೋ ಎಂದು ನಾನು ಕಾದೆ. 'ಅಲ್ಲಿ ಬಿಸಿಲು ಅದ ಏನ?' ಎಂದು ಬರೆದಿದ್ದಳು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಚಹಾ ಕುಡಿದು ಎದ್ದುಬಂದೆ. ಅವಳು ಬಾಗಿಲವರೆಗೆ ಬಂದಳು, ಅಷ್ಟೇ. ಆಮೇಲೆ ಸಂದೇಶಗಳೂ ನಿಂತವು.

ಮರಳಿ ಬಂದ ಮೇಲೆ ಹತ್ತನೆಯ ತರಗತಿಗೆ ಅದೇ ಪಾಠ ಬಂತು. ಚಿಟಿಕೆ ಗಂಧಕ ಸುಟ್ಟು ತೋರಿಸುವ ಮೊದಲು ಎಲ್ಲ ಕಿಟಕಿ, ಎರಡೂ ಬಾಗಿಲು ತೆರೆಸಿದೆ. ಅಷ್ಟಕ್ಕೇ ಯಾಕೆ ಇಷ್ಟು ಹೆದರಿಕೆ ಎಂದು ಮಕ್ಕಳು ನಕ್ಕರು. ಊರಿಗೆ ಹೋದರೆ ತಿಕೋಟಾದ ಶೆಡ್ಡಿನ ಮುಂದೆ ತಲೆ ತಗ್ಗಿಸಿ ನಡೆಯುತ್ತೇನೆ. ಇಲ್ಲಿ ಮತ್ತೆ ಚಳಿಗಾಲ; ನಾಲ್ಕೂವರೆಯ ಕತ್ತಲಲ್ಲಿ ಮನೆ ಸೇರುತ್ತೇನೆ. ಈಗ ಗಂಟೆ ನೋಡುವುದಿಲ್ಲ, ಅಭ್ಯಾಸವಾಗಿದೆ.

ಮೊನ್ನೆ ಗೋಡೆಯ ಆಚೆಯಿಂದ ಆ ಹಾಡು ಕೇಳಿಸಿತು. ಒಣಹಣ್ಣಿನ ಅಂಗಡಿಯವನು ಕಳಿಸಿದ ಹಾಡೆಂದು ರೇಣು ಮೊಬೈಲು ಹಿಡಿದುಕೊಂಡೇ ಬಂದಳು. ನಿಮ್ಮ ಊರಿನ ಕಡೆಯ ಹಾಡಂತೆ, ಎಂಥ ಗಂಟಲು ಬಾಯ್ದೇವ್ ಎಂದಳು. ಇಬ್ಬರೂ ನಿಂತು ಕೇಳಿದೆವು. ಸೀಳು ಬಂತು. ಅದರ ಹಿಂದೆಯೇ ಕೆಮ್ಮು ಬಂತು.

ಹಾಡಿನ ನಡುವೆ ಕೆಮ್ಮಿದ್ದು ಯಾರು ಎಂದು ರೇಣು ಕೇಳಿದಳು.

"ಗೊತ್ತಿಲ್ಲ," ಅಂದೆ. "ಅಲ್ಲಿಯವಳು ಯಾರೋ."