ಏಳು ಗುಡಿಸಲು ಬಿಡಿಸಿದ ಚಿನ್ನಮ್ಮ

ನಂಜನಗೂಡಿನಲ್ಲಿ ಗೂಡ್ಸ್ ರೈಲಿನ ಓಡಾಟ ನಿಂತು ಇಪ್ಪತ್ತು ವರ್ಷವಾಗಿದ್ದ ಹಳೆಯ ಹಳಿಯೊಂದರ ಪಕ್ಕ ಎಂಟು ಗುಡಿಸಲುಗಳಿದ್ದವು. ಒಂದರಲ್ಲಿ ಚಿನ್ನಮ್ಮ ಒಬ್ಬಳೇ ಇದ್ದಳು. ಗಂಡ ಸತ್ತ ಮೇಲೆ ಹಳಿಯುದ್ದಕ್ಕೂ ಹೊಂಗೆ, ಬೇವು ನೆಟ್ಟು, ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಉಳಿದ ಏಳು ಮನೆಯವರು ಜಗಳವಾದರೆ ನ್ಯಾಯಕ್ಕೆ ಅವಳ ಹತ್ತಿರವೇ ಬರುತ್ತಿದ್ದರು.

ಆ ಜಾಗದಲ್ಲಿ ವಾಕಿಂಗ್ ಪಾರ್ಕ್ ಮಾಡಬೇಕೆಂದು ಊರಿನ ಕೆಲವರು ಸಮಿತಿ ಕಟ್ಟಿಕೊಂಡರು. ಅದರ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು ಸೋಮಶೇಖರ್, ಒಂದು ದಿನ ಅವಳ ಗುಡಿಸಲ ಮುಂದಿನ ಕಲ್ಲಿನ ಮೇಲೆ ಬಂದು ಕುಳಿತರು.

"ಈ ಮರಗಳೆಲ್ಲ ನಿಮ್ಮವೇ ಅಲ್ವೇನಮ್ಮ. ನೀವು ಇಲ್ಲೇ ಇರಿ, ಮಾಲಿ ಕೆಲಸ ನಿಮಗೇ. ಉಳಿದವರಿಗೆ ಒಂದು ಮಾತು ಹೇಳಿ. ಟಿ. ನರಸೀಪುರದ ರಸ್ತೇಲಿ ಎಲ್ಲರಿಗೂ ಮನೆ ಕೊಡಿಸ್ತೀವಿ."

ಅಲ್ಲಿಯವರೆಗೆ ಯಾರೂ ಅವಳನ್ನು 'ನೀವು' ಎಂದಿರಲಿಲ್ಲ. ಚಿನ್ನಮ್ಮ ಮನೆ ಮನೆಗೆ ಹೋಗಿ ಹೇಳಿದಳು. ಆರು ಮನೆಯವರು ಒಪ್ಪಿದರು. ಅವಳ ಗಂಡನ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಕರಿಯಪ್ಪ ಮಾತ್ರ ಅನುಮಾನಿಸಿದ.

"ಪತ್ರ ಏನಾರ ಕೊಟ್ಟವ್ರಾ ಅಕ್ಕ?"

"ಮೇಷ್ಟ್ರು ಸುಳ್ಳೇಳ್ತಾರೇನ್ಲಾ? ನಾನಿಲ್ವಾ? ಓಗು."

ಅವಳ ಮಾತಿಗೆ ಅವನೂ ಹೋದ.

ಮನೆ ಎಂದರೆ ಬಯಲಿನಲ್ಲಿ ನಿಲ್ಲಿಸಿದ ತಗಡಿನ ಶೆಡ್ಡುಗಳು. ನೀರಿರಲಿಲ್ಲ. ಆಷಾಢದಲ್ಲಿ ಕರಿಯಪ್ಪನ ಹೆಂಡತಿ ನೀರು ತರಲು ರಸ್ತೆ ದಾಟುವಾಗ ಕಬ್ಬಿನ ಲಾರಿಗೆ ಸಿಕ್ಕಿ ಸತ್ತಳು. ಸುದ್ದಿ ಮುಟ್ಟಿದ ವಾರದಲ್ಲೇ ಚಿನ್ನಮ್ಮನ ಗುಡಿಸಲಿಗೂ ಜೆಸಿಬಿ ಬಂತು. ಜೊತೆಗೆ ಸೋಮಶೇಖರ್ ಕೂಡ ಬಂದಿದ್ದರು.

"ನಂಗೆ ಇಲ್ಲೇ ಇರು ಅಂದಿದ್ರಲ್ಲ ಸಾ."

"ಕಾಂಪೌಂಡು ನೆಟ್ಟಗೆ ಬರ್ಬೇಕಮ್ಮ. ಪಾರ್ಕ್ ನೋಡ್ಕೊಳ್ಳೋ ಏಜೆನ್ಸಿಯವರು ವಯಸ್ಸಾದವರನ್ನ ಕೆಲಸಕ್ಕೆ ತಗೊಳ್ಳಲ್ವಂತೆ, ಏನು ಮಾಡೋದು," ಎಂದರು ಸೋಮಶೇಖರ್. ಹಾಗೆನ್ನುವಾಗ ಫೋನಿನಲ್ಲಿ ಮರಗಳ ಫೋಟೋ ತೆಗೆಯುತ್ತಿದ್ದರು. ಸೈಕಲ್ ದಾರಿಗೆ ಅಡ್ಡವೆಂದು ಒಂಬತ್ತು ಹೊಂಗೆ ಮರಗಳನ್ನು ಅವಳೆದುರೇ ಉರುಳಿಸಿದರು.

ಬಟ್ಟೆಯ ಗಂಟು ಹೊತ್ತು ಅವಳು ಶೆಡ್ಡುಗಳ ಹತ್ತಿರ ಹೋದಳು. ಕರಿಯಪ್ಪ ಬಾಗಿಲಲ್ಲಿ ಕುಳಿತಿದ್ದ.

"ಯಾಕ್ ಬಂದೆ?"

"ಇರಕ್ಕೆ ಜಾಗ ಇಲ್ಲ ಕಣ್ಲಾ."

"ಇಲ್ಲೂ ಇಲ್ಲ."

ಅವನು ದನಿ ಏರಿಸಲಿಲ್ಲ. ಆದರೂ ಉಳಿದ ಶೆಡ್ಡುಗಳವರಿಗೆ ಕೇಳಿಸಿತ್ತು. ಒಬ್ಬರೂ ಹೊರಗೆ ಬರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಯಾರೋ ಒಳಗಿಂದ ಬಾಗಿಲ ಚಿಲಕ ಹಾಕಿಕೊಂಡರು.

ಈಗ ಚಿನ್ನಮ್ಮ ಬನ್ನೂರಿನ ಛತ್ರವೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಮದುವೆಗೆ ನಂಜನಗೂಡಿನ ಕಡೆಯವರು ಬಂದಿದ್ದಾರೆಂದು ತಿಳಿದರೆ, ಕೊನೆಯ ಪಂಕ್ತಿ ಎದ್ದು ಅವರು ಬಸ್ಸು ಹತ್ತುವವರೆಗೂ ಹಿತ್ತಲು ಬಿಟ್ಟು ಈಚೆಗೆ ಬರುವುದಿಲ್ಲ.