ಮನುಷ್ಯರ ಕೈ ಮಾತ್ರ

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಇಲ್ಲವೆಂದಲ್ಲ. ಆದರೆ ಬ್ಯಾಂಕಿನವರನ್ನೂ ಅಕ್ಕನನ್ನೂ ಬಿಟ್ಟರೆ ಮತ್ತಾರಿಗೂ ಅದು ನೆನಪಿರಲಿಲ್ಲ. ಕಾರಿನ ಸೀಟುಗಳಿಗೆ ಕವರು ಹೊಲಿಯುವ ಕೆಲಸ ಅವನದು. ಹೀಗಾಗಿ ಮೋಟಾರು ಅಂಗಡಿಗಳ ಆ ಬೀದಿಗೆಲ್ಲ ಅವನು ಸೀಟಣ್ಣ. ಕೆಳಗೆ ಅಂಗಡಿ: ದಪ್ಪ ಸೂಜಿಯ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಸ್ಪಂಜಿನ ಹಾಳೆಗಳು, ಮೂಗಿಗೆ ಹೊಡೆಯುವ ಅಂಟಿನ ವಾಸನೆ. ಮೇಲೆ ಮನೆ: ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಅಲ್ಲಿ ಟಿವಿ ಇಲ್ಲ, ರೇಡಿಯೋ ಇಲ್ಲ. ಇಡೀ ಊರಿನಲ್ಲೇ ಅತಿ ದೊಡ್ಡ ಸದ್ದು ಮಾಡುವ ವ್ಯಾನಿನ ಒಡೆಯ ಅವನು. ಅವನ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಮೂರನೆಯ ಮೆಟ್ಟಿಲಿಗೇ ಕೇಳಿಸುತ್ತಿತ್ತು.

ವ್ಯಾನಿನ ಮಾತು ಬಂದಮೇಲೆ ಸ್ಪರ್ಧೆಯ ಮಾತನ್ನೂ ಆಡಿಬಿಡಬೇಕು. ವರ್ಷಕ್ಕೊಮ್ಮೆ ಊರಾಚೆಯ ಹಳೇ ಗೋದಾಮಿನ ಅಂಗಳದಲ್ಲಿ ಕಾರು ಸ್ಟೀರಿಯೋಗಳ ಸ್ಪರ್ಧೆ ನಡೆಯುತ್ತಿತ್ತು. ಯಾರ ಹಾಡು ಇಂಪು ಎಂದಲ್ಲ, ಯಾರ ಗದ್ದಲ ಜೋರು ಎಂದು! ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಇನ್ನೊಂದು ದಾರಿ ಎಂದು ನೀವು ನಗಬಹುದು, ನಗಿ. ಆದರೆ ಈ ಹುಚ್ಚಿಗೂ ಕಟ್ಟುನಿಟ್ಟಾದ ನಿಯಮಗಳಿದ್ದವು. ಸದ್ದು ಮಾಡುವಾಗ ಗಾಡಿಯೊಳಗೆ ನರಪಿಳ್ಳೆಯೂ ಇರಕೂಡದು. ಮುಂದಿನ ಗಾಜಿನ ಒಳಮೈಗೆ ಮೈಕು ಅಂಟಿಸುವ ಹಕ್ಕು ತೀರ್ಪುಗಾರರದ್ದು ಮಾತ್ರ. ಅರ್ಧ ನಿಮಿಷದಲ್ಲಿ ಮೀಟರು ಎಲ್ಲಿಗೆ ಏರುತ್ತದೋ ಆ ಡೆಸಿಬಲ್ಲೇ ನಿಮ್ಮ ಅಂಕಿ.

ಇನ್ನೊಂದು ನಿಯಮ ಸೀಟಣ್ಣನ ಬದುಕಿಗೇ ಗಂಟುಬಿದ್ದದ್ದು. ಅಂಥ ಸದ್ದಿಗೆ ಗಾಡಿ ಒಳಗಿನಿಂದ ಉಬ್ಬುತ್ತದೆ. ಗಾಜು ನಡುಗುತ್ತದೆ, ಬಾಗಿಲು ಅಲ್ಲಾಡುತ್ತದೆ, ಸಂದಿಯಲ್ಲಿ ಗಾಳಿ ನುಸುಳಿದರೆ ಅಂಕಿ ಇಳಿಯುತ್ತದೆ. ಅದಕ್ಕೇ ಹೊರಗೆ ನಿಂತು ಗಾಜನ್ನೂ ಬಾಗಿಲನ್ನೂ ಒತ್ತಿ ಹಿಡಿಯಲು ಅನುಮತಿಯಿತ್ತು. ಗಾಡಿಯವನನ್ನು ಬಿಟ್ಟು ನಾಲ್ಕು ಜನದವರೆಗೆ ಒತ್ತಬಹುದು. ಬೆಲ್ಟು, ಹಗ್ಗ, ಮರಳುಚೀಲ, ಮರದ ಆನಿಕೆ ಯಾವುದೂ ಸಲ್ಲದು. ಮನುಷ್ಯರ ಕೈ ಮಾತ್ರ.

ಸೀಟಣ್ಣನ ವ್ಯಾನಿಗೆ ನಾಲ್ಕು ಜನ ಯಾವತ್ತೂ ಇರಲಿಲ್ಲ. ಇದ್ದವಳು ಒಬ್ಬಳೇ, ಅವನ ಹೆಂಡತಿ. ಗಿಡ್ಡಗೆ, ಗಟ್ಟಿಮುಟ್ಟಾಗಿದ್ದಳು, ಅಂಗಡಿಯಲ್ಲಿ ಸ್ಪಂಜು ಕೊಯ್ಯುವ ಕೆಲಸವೆಲ್ಲ ಅವಳದೇ. ಕಿವಿಗೆ ಹತ್ತಿ ತುರುಕಿಕೊಂಡು, ಮರದ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು, ಮುಂದಿನ ಗಾಜಿನ ನಟ್ಟನಡುವೆ ಎರಡೂ ಅಂಗೈ ಊರಿ, ಕೆನ್ನೆಯನ್ನೂ ಸೇರಿಸಿ ಒತ್ತುತ್ತಿದ್ದಳು. ಅವನು ರಿಮೋಟು ಹಿಡಿದು ಚಾಲಕನ ಬಾಗಿಲಿಗೆ ಬೆನ್ನು ಕೊಡುತ್ತಿದ್ದ. ಅವಳಿಗೆ ಸ್ಟೀರಿಯೋ ಮೇಲೆ ಕಿಂಚಿತ್ತೂ ಪ್ರೀತಿಯಿರಲಿಲ್ಲ.

"ಇದೂ ಒಂದು ಹಾಡಾ? ಹಸಿದ ಹೊಟ್ಟೆ ಗುರುಗುಟ್ಟಿದ ಹಾಗಿದೆ," ಅನ್ನುತ್ತಿದ್ದಳು.

"ಹಾಗಾದ್ರೆ ಯಾಕೆ ಬರ್ತೀಯಾ?"

"ಬರದೆ ಏನ್ಮಾಡ್ಲಿ? ವರ್ಷಕ್ಕೊಂದು ದಿನ ನೀವು ಬಾಯಿಬಿಟ್ಟು ನಗೋದು. ಅದನ್ನಾದ್ರೂ ನೋಡ್ಕೊಂಡು ಹೋಗೋಣ ಅಂತ."

ಅದು ಸುಳ್ಳಾಗಿರಲಿಲ್ಲ. ಗಂಡಹೆಂಡಿರು ಜಗಳವಾಡಿದವರಲ್ಲ, ಆದರೆ ಮಾತಾಡಿದವರೂ ಅಲ್ಲ. ಅವನು ಹುಟ್ಟಿದಾಗಲೇ ಬಾಯಿಗೆ ಬೀಗ ಹಾಕಿಕೊಂಡು ಬಂದವನು. ಅಂಗಡಿಯಲ್ಲಿ ಯಂತ್ರದ ಸದ್ದು, ಮೇಲೆ ತಟ್ಟೆ ಲೋಟದ ಸದ್ದು, ಅಷ್ಟರಲ್ಲೇ ಸಂಸಾರ ಸಾಗಿತ್ತು. ವ್ಯಾನನ್ನು ನಡುವೆ ಇಟ್ಟುಕೊಂಡು ಆಚೆಈಚೆ ಒತ್ತಿನಿಂತ ಆ ಅರ್ಧ ನಿಮಿಷದಲ್ಲಿ ಮಾತ್ರ ಅವರಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು.

ಒಂದು ವರ್ಷ ಮೀಟರು ನೂರ ನಲವತ್ತೊಂಬತ್ತು ಪಾಯಿಂಟ್ ಆರಕ್ಕೆ ಏರಿತು. ಗೆದ್ದವರು ಬೇರೆ ಯಾರೋ. ಆದರೆ ಇಬ್ಬರೇ ಒತ್ತಿ ಅಷ್ಟು ಏರಿಸಿದವರು ಅಲ್ಲಿ ಹಿಂದೆಂದೂ ಇರಲಿಲ್ಲ. ಗೋದಾಮಿನ ಗೋಡೆಗೆ ತೂಗುಹಾಕಿದ್ದ ಕರಿಹಲಗೆಯ ಮೇಲೆ ಪ್ರತಿ ಗಾಡಿಯ ಅತ್ಯುತ್ತಮ ಅಂಕಿಯನ್ನೂ, ಎಷ್ಟು ಜನ ಒತ್ತಿದರು ಎಂಬುದನ್ನೂ ಬರೆಯುತ್ತಿದ್ದರು. ಅವಳು ಪೆಟ್ಟಿಗೆಯಿಂದ ಇಳಿದವಳೇ ಹಲಗೆಯ ಹತ್ತಿರ ಹೋಗಿ ನಿಂತಳು.

"ಇಬ್ಬರು ಅಂತ ಹಾಕಿದಾರಾ? ಸರಿಯಾಗಿ ನೋಡಿ," ಅಂದಳು.

ಹಾಕಿದ್ದರು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು. ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಜ್ವರ ಎಂದು ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋದವಳು ತಿರುಗಿ ಮೆಟ್ಟಿಲು ಹತ್ತಲಿಲ್ಲ.

ಮರುವರ್ಷ ಸೀಟಣ್ಣ ಗೋದಾಮಿನ ಕಡೆ ತಲೆಹಾಕಲಿಲ್ಲ. ಅದರ ಮುಂದಿನ ವರ್ಷ ಒಬ್ಬನೇ ಹೋದ. ಒಬ್ಬನೇ ಎಷ್ಟು ಒತ್ತಿಯಾನು? ಬಾಗಿಲಿಗೆ ಬೆನ್ನು ಕೊಟ್ಟರೆ ಗಾಜು ಬಿಡುತ್ತದೆ, ಗಾಜಿಗೆ ಕೈಕೊಟ್ಟರೆ ಬಾಗಿಲು ಬಿಡುತ್ತದೆ. ಅಂಕಿ ನೆಲಕಚ್ಚಿತು. ಒಂದು ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂದಿನಿಂದ ಅವನ ತಲೆಯಲ್ಲಿ ಒಂದೇ ಹುಳ. ಆ ನೂರ ನಲವತ್ತೊಂಬತ್ತು ಪಾಯಿಂಟ್ ಆರನ್ನು ದಾಟಬೇಕು. ದಾಟಿದರೆ ಅವಳಿಗೂ ಸಂತೋಷವಾದೀತು ಎಂದು ತನಗೆ ತಾನೇ ಹೇಳಿಕೊಂಡ. ಬೀದಿಯವರನ್ನು ಕರೆಯಬಹುದಿತ್ತಲ್ಲ? ಪಕ್ಕದ ಟೈರಿನವನು ಬಾ ಎಂದರೆ ಬರುವವನೇ. ಆದರೆ ಬಾ ಎನ್ನಬೇಕಲ್ಲ! ಕರೆಯುವ ಬಾಯಿ ಅವನಿಗೆ ಇದ್ದಿದ್ದರೆ ಈ ಕತೆಯೇ ಬೇರೆಯಾಗುತ್ತಿತ್ತು. ಕೇಳುವುದಕ್ಕಿಂತ ಹೊಲಿಯುವುದು ಅವನಿಗೆ ಸುಲಭ. ಹಾಗಾಗಿ ಹೊಲಿದ. ಕಂದು ಬಣ್ಣದ ರೆಕ್ಸಿನ್ನಿನಲ್ಲಿ, ಒಳಗೆ ಗಟ್ಟಿ ಸ್ಪಂಜು ತುಂಬಿ, ಹತ್ತು ಬೆರಳಿನ ಎರಡು ಅಂಗೈ ಹೊಲಿದ. ಗಿಡ್ಡ ಬೆರಳುಗಳು, ಅಗಲ ಹಸ್ತ. ಅವನ್ನು ಒಂದು ಮರದ ತೋಳಿಗೆ ಜೋಡಿಸಿ, ಮುಂದಿನ ಗಾಜಿಗೆ ಆತು ನಿಲ್ಲುವಂತೆ ಮಾಡಿದ. ಹೊಲಿಗೆ ಎಷ್ಟು ಅಂದವಾಗಿತ್ತೆಂದರೆ ಉಗುರಿಗೂ ಒಂದೊಂದು ದಾರದ ಗೆರೆ ಎಳೆದಿದ್ದ.

ಸ್ಪರ್ಧೆಯ ತೀರ್ಪುಗಾರ್ತಿಯನ್ನು ಎಲ್ಲರೂ ಮೀಟರಮ್ಮ ಅನ್ನುತ್ತಿದ್ದರು. ಕುತ್ತಿಗೆಗೆ ಮೀಟರು, ಜೇಬಿನಲ್ಲಿ ಸೀಮೆಸುಣ್ಣ, ಮುಖದಲ್ಲಿ ಸದಾ ಹುಳಿ ತಿಂದ ಕಳೆ. ಆ ರೆಕ್ಸಿನ್ ಕೈಗಳನ್ನು ಕಂಡು ಹುಡುಗರು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ.

"ಇದು ನಡಿಯಲ್ಲಪ್ಪ. ನಿಯಮ ಗೊತ್ತಲ್ಲ, ಮನುಷ್ಯರ ಕೈ ಮಾತ್ರ."

"ಕೈ ಥರಾನೇ ಇದೆಯಲ್ಲ," ಅಂದ ಅವನು.

"ಥರ ಇದ್ರೆ ಸಾಲದು. ಯಾರನ್ನಾದ್ರೂ ಕರ್ಕೊಂಡು ಬಾ."

ಅವನು ಕೈಗಳನ್ನು ಬಿಚ್ಚಿ ಹಿಂದಿನ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದ. ಅಕ್ಕ ಆ ವಾರ ಬಂದವಳು ಅವನ್ನು ನೋಡಿ ತಲೆತಲೆ ಚಚ್ಚಿಕೊಂಡಳು.

"ಮಾರಿಬಿಡೋ ಆ ದರಿದ್ರ ವ್ಯಾನನ್ನ! ಮೂಗಿಗಿಂತ ಮೂಗುತಿ ಭಾರ ಅಂತ, ಅಂಗಡಿ ದುಡಿಮೆಯೆಲ್ಲ ಆ ಸ್ಪೀಕರು ಡಬ್ಬಗಳಿಗೇ ಸುರೀತೀಯ. ನಾನೇ ಬಂದು ಒತ್ತೋಣ ಅಂದ್ರೆ ನನ್ನ ಮಂಡಿ ನನ್ನ ಮಾತು ಕೇಳಲ್ಲ. ನಮ್ಮನೇಲಿ ಬಂದಿರು. ನಾಲ್ಕು ಜನ ಇರೋ ಕಡೆ ಇರು."

"ನೋಡೋಣ," ಅಂದ. ನೋಡೋಣ ಎಂದರೆ ಇಲ್ಲ ಎಂದು ಅಕ್ಕನಿಗೂ ಗೊತ್ತಿತ್ತು.

ಹೀಗೆ ಇನ್ನೂ ಎರಡು ಸ್ಪರ್ಧೆ ಕಳೆದವು. ಅಂಕಿ ಏರಲಿಲ್ಲ. ಅಷ್ಟರಲ್ಲಿ ಬೇರೆ ಯಾವುದೋ ಊರಿನಲ್ಲಿ ಗಾಜು ಒಡೆದು ಒತ್ತುತ್ತಿದ್ದವನ ಕೈ ಸೀಳಿತಂತೆ. ಈ ಸಲ ಆರಂಭಕ್ಕೆ ಮುಂಚೆ ಮೀಟರಮ್ಮ ಎಲ್ಲರನ್ನೂ ಸೇರಿಸಿ ಹೇಳಿದಳು.

"ಕೇಳ್ರಪ್ಪ, ಕೈ ಒತ್ತೋದು ಇದೇ ಕೊನೆ. ಮುಂದಿನ ವರ್ಷದಿಂದ ಯಾರೂ ಗಾಡಿ ಮುಟ್ಟೋ ಹಾಗಿಲ್ಲ. ಹಲಗೆ ಮೇಲೆ ಇವತ್ತು ಏನು ಉಳಿಯುತ್ತೋ ಅದೇ ಶಾಶ್ವತ."

ಇವತ್ತು ದಾಟದಿದ್ದರೆ ಇನ್ನು ದಾಟುವುದಿಲ್ಲ. ಆದರೂ ಸೀಟಣ್ಣ ಯಾರ ಹತ್ತಿರವೂ ಹೋಗಲಿಲ್ಲ. ತನ್ನ ಸರದಿ ಬಂದಾಗ ವ್ಯಾನನ್ನು ಗೆರೆಗೆ ತಂದು ನಿಲ್ಲಿಸಿ, ಇಳಿದು, ಗಾಜಿಗೆ ಕೈಕೊಡಲೋ ಬಾಗಿಲಿಗೆ ಬೆನ್ನು ಕೊಡಲೋ ಎಂದು ನೋಡುತ್ತಾ ನಿಂತ.

ಮನೆ ಸಾಮಾನು ಸಾಗಿಸುವ ಕೆಲಸದ ಒಂದು ಕುಟುಂಬ ಅಲ್ಲಿತ್ತು. ಮೂವರು ಅಣ್ಣತಮ್ಮಂದಿರು, ಕಿರಿಯರಿಬ್ಬರಿಗೆ ಅತ್ತಿಗೆಯಾದ ಹಿರಿಯವನ ಹೆಂಡತಿ. ಬೀರು, ಮಂಚ ಹೊತ್ತು ಹೊತ್ತು ಗೋಡೆಯಂತಾದ ಮೈಗಳು. ಅವರ ಗಾಡಿ ಬೇರೆ ವರ್ಗದ್ದು. ಒಂದೇ ವರ್ಗದ ಎದುರಾಳಿಗಳು ಪರಸ್ಪರರ ಗಾಡಿ ಮುಟ್ಟಬಾರದೆಂಬ ನಿಯಮ ಅವರಿಗೆ ಅಡ್ಡ ಬರುತ್ತಿರಲಿಲ್ಲ. ಅತ್ತಿಗೆ ತೋಳು ಮಡಚುತ್ತಾ ಮುಂದೆ ಬಂದಳು.

"ಯಾಕಣ್ಣ ಒಬ್ರೇ ನಿಂತಿದ್ದೀರಿ? ಎಲ್ಲಿ ಒತ್ತಬೇಕು ಹೇಳಿ."

ಅವನು ಕೇಳಿರಲಿಲ್ಲ. ಕೇಳದೆಯೇ ಬಂದಿದ್ದರು. ಬೇಡ ಅನ್ನಲು ಬಾಯಿ ಬರಲಿಲ್ಲ, ಬನ್ನಿ ಅನ್ನಲೂ ಬರಲಿಲ್ಲ, ಬೆರಳು ತೋರಿಸಿದ. ಮೂವರು ಗಂಡಸರು ಬಾಗಿಲುಗಳಿಗೆ ಆತರು. ಅತ್ತಿಗೆ ಎತ್ತರದ ಆಳು, ಮುಂದಿನ ಗಾಜಿಗೆ ಅಂಗೈ ಊರಲು ಅವಳಿಗೆ ಯಾವ ಪೆಟ್ಟಿಗೆಯೂ ಬೇಕಾಗಲಿಲ್ಲ.

ಮೀಟರಮ್ಮ ಕೈ ಎತ್ತಿದಳು. ಅವನು ಚಾಲಕನ ಬಾಗಿಲಿಗೆ ಬೆನ್ನು ಕೊಟ್ಟು ರಿಮೋಟು ಒತ್ತಿದ.

ನೆಲ ಗುಂಯ್‌ಗುಟ್ಟಿತು. ಗೋದಾಮಿನ ತಗಡು ಕಿರುಗುಟ್ಟಿತು. ವ್ಯಾನು ಮಾತ್ರ ಅಲುಗಲಿಲ್ಲ. ಅಷ್ಟು ವರ್ಷ ಎಲ್ಲೆಲ್ಲೋ ನುಸುಳಿ ಹೋಗುತ್ತಿದ್ದ ಗಾಳಿಗೆ ಇವತ್ತು ದಾರಿಯೇ ಇರಲಿಲ್ಲ. ಅರ್ಧ ನಿಮಿಷ ಮುಗಿದಾಗ ಮೀಟರಮ್ಮ ಅಂಕಿಯನ್ನು ಎರಡು ಸಲ ನೋಡಿದಳು.

"ನೂರೈವತ್ತೊಂದು ಪಾಯಿಂಟ್ ಎರಡು!"

ಜನ ಹೋ ಎಂದು ಕೂಗಿದರು. ಕಿರಿಯವನು ಸೀಟಣ್ಣನ ಬೆನ್ನಿಗೆ ಗುದ್ದಿದ. ಅತ್ತಿಗೆ ಕಿವಿಯಿಂದ ಹತ್ತಿ ಕಿತ್ತು, "ಏನ್ ಗಾಡಿ ಕಟ್ಟಿದೀರಣ್ಣ! ನನ್ನ ಹಲ್ಲೆಲ್ಲ ಅಲ್ಲಾಡಿಹೋಯ್ತು," ಎಂದು ನಕ್ಕಳು. ಅವನೂ ನಕ್ಕ. ನಿಜವಾಗಿಯೂ ಸಂತೋಷವಾಗಿತ್ತು ಅವನಿಗೆ.

ಮೀಟರಮ್ಮ ಹಲಗೆಯ ಹತ್ತಿರ ಹೋಗಿ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಗಾಡಿಯವನು ಕೈ ಎತ್ತಿ ಒಪ್ಪಿದ ಮೇಲೆಯೇ ಹೊಸ ಅಂಕಿ ಬರೆಯಬೇಕು, ಒಪ್ಪಿದರೆ ಹಳೆಯದನ್ನು ಅಳಿಸಬೇಕು. ಒಂದು ಗಾಡಿಗೆ ಒಂದೇ ಅಂಕಿ. ಅದೂ ನಿಯಮವೇ, ಅವನಿಗೆ ಮೊದಲಿನಿಂದ ಗೊತ್ತಿದ್ದದ್ದೇ. ಗೊತ್ತಿದ್ದೂ ಇಷ್ಟು ವರ್ಷ ಅದರ ಅರ್ಥ ಅವನಿಗೆ ಹೊಳೆದಿರಲಿಲ್ಲ. ದಾಟಬೇಕು ದಾಟಬೇಕು ಎಂದು ಒದ್ದಾಡಿದ್ದೆಲ್ಲ ಯಾರನ್ನು ದಾಟಲು?

"ಒಪ್ಪಿಗೆನಾ?" ಮೀಟರಮ್ಮ ಕೇಳಿದಳು. "ಒತ್ತಿದವರು ಐದು ಜನ ಅಂತ ಬರೀತೀನಿ."

ಎಲ್ಲರೂ ಅವನ ಕೈ ಏಳುವುದನ್ನೇ ಕಾಯುತ್ತಿದ್ದರು. ಕೈ ಏಳಲಿಲ್ಲ.

"ಬೇಡ," ಅಂದ.

"ಏನಂದೆ?"

"ಬೇಡ. ಅಳಿಸಬೇಡಿ. ಇದ್ದದ್ದು ಇರಲಿ."

ಸುತ್ತ ಗುಸುಗುಸು ಎದ್ದಿತು. ಅತ್ತಿಗೆಯ ಮುಖ ಸಪ್ಪಗಾಯಿತು. "ಯಾಕಣ್ಣ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲಮ್ಮ, ತಪ್ಪೇನಿಲ್ಲ. ತುಂಬಾ ಚೆನ್ನಾಗಿ ಹಿಡಿದ್ರಿ." ಅವನು ತಡವರಿಸಿದ. "ಅದೇ ತೊಂದರೆ."

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ್ದರೆ ಅರ್ಥವಾಗುತ್ತಿತ್ತೇನೋ. ಆದರೆ ಬದುಕಿದ್ದವಳಿಗೇ ಬಿಡಿಸಿ ಹೇಳದವನು ಅಪರಿಚಿತಳಿಗೆ ಹೇಳಿಯಾನೇ? ಹಿರಿಯವನು ಭುಜ ಕುಣಿಸಿ, "ಬನ್ನಿ, ಕೆಲವರಿಗೆ ಸಹಾಯ ಮಾಡಬಾರದು," ಎಂದು ಮನೆಯವರನ್ನು ಕರೆದುಕೊಂಡು ನಡೆದ. ಅವನಿಗೆ ಕೋಪ ಬಂದಿತ್ತು, ಬರುವುದೂ ನ್ಯಾಯವೇ. ಮೀಟರಮ್ಮ ಬಟ್ಟೆಯನ್ನು ಮೊಳೆಗೆ ತಗುಲಿಸಿ, ಬಂದು ಗಾಜಿನಿಂದ ಮೈಕು ಬಿಡಿಸಿಕೊಂಡು ಮುಂದಿನ ಗಾಡಿಯನ್ನು ಕರೆದಳು.

ಅವನು ವ್ಯಾನನ್ನು ಗೆರೆಯಿಂದ ಹಿಂದೆ ತೆಗೆದು ಗೇಟಿನ ಪಕ್ಕ ನಿಲ್ಲಿಸಿದ. ಅಂಗಳದಲ್ಲಿ ಆಗಲೇ ಆ ನಾಲ್ವರೂ ಇನ್ಯಾರದೋ ಕಾರಿಗೆ ಆತು ನಿಂತಿದ್ದರು. ಸೀಟಣ್ಣ ಸ್ಟೀರಿಂಗ್ ಹಿಡಿದು ಕೂತ. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೆ ನೂರೈವತ್ತೊಂದು ಮುಟ್ಟಿದ ಸುದ್ದಿಯನ್ನು ಯಾರಿಗಾದರೂ ಹೇಳಿಕೊಳ್ಳಬೇಕೆಂದು ಅವನಿಗೆ ತಡೆಯಲಾರದಷ್ಟು ಆಸೆಯಾಯಿತು, ಮತ್ತು ಹೇಳಬೇಕೆನಿಸಿದ್ದು ಅವಳೊಬ್ಬಳಿಗೇ.